ಲಸಾನಿಯಾದ ರುಚಿ ಚೀಸ್‌ನಲ್ಲಿಲ್ಲ, ರಗುನಲ್ಲಿದೆ

ಲಸಾನಿಯಾ ಅಂದರೆ ಅಗಲವಾದ ಪಾಸ್ತಾ ಹಾಳೆಗಳ ನಡುವೆ ಸಾಸ್ ಪದರಗಳನ್ನು ಹಾಕಿ ಓವನ್‌ನಲ್ಲಿ ಬೇಯಿಸುವ ತಿನಿಸು. ಮನೆಯಲ್ಲಿ ಮಾಡಿದ್ದು ಸಪ್ಪೆ ಅನ್ನಿಸಿದರೆ ತುಂಬಾ ಜನ ಮೇಲೆ ಇನ್ನಷ್ಟು ಮೊಝರೆಲ್ಲಾ ಚೀಸ್ ಸುರಿಯುತ್ತಾರೆ. ನೋಡೋಕೆ ಚೆಂದ, ಎಳೆ ಎಳೆಯಾಗಿ ಬರುತ್ತದೆ, ಆದರೆ ಅದಕ್ಕೆ ಸ್ವಂತ ರುಚಿ ಅಷ್ಟಕ್ಕಷ್ಟೆ. ನಾನು ಮಾಡುವುದು ಇಟಲಿಯ ಬೊಲೊನ್ಯಾ ಕಡೆಯ ಪದ್ಧತಿ. ಅದರಲ್ಲಿ ಮೊಝರೆಲ್ಲಾ ಇಲ್ಲ, ರಿಕೋಟಾ ಅನ್ನುವ ಮೆತ್ತನೆಯ ಚೀಸೂ ಇಲ್ಲ (ರಿಕೋಟಾ ಹಾಕುವುದು ನೇಪಲ್ಸ್‌ನವರು). ರಗು ಅನ್ನುವ ಮಾಂಸದ ಸಾಸ್, ಬೆಶಮೆಲ್ ಅನ್ನುವ ಬಿಳಿ ಸಾಸ್, ಪಾರ್ಮಸಾನ್ ಅನ್ನುವ ಗಟ್ಟಿ ಚೀಸ್‌ನ ತುರಿ, ಅಷ್ಟೇ.

ಹಾಗಾಗಿ ನನ್ನ ಸಮಯವೆಲ್ಲ ರಗುಗೇ ಹೋಗುತ್ತದೆ. ಈರುಳ್ಳಿ, ಕ್ಯಾರೆಟ್, ಸೆಲರಿ ಮೂರನ್ನೂ ತೀರಾ ಸಣ್ಣಗೆ ಹೆಚ್ಚಿ, ಬೆಣ್ಣೆ ಮತ್ತು ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸುತ್ತೇನೆ. ಹದಿನೈದು ನಿಮಿಷವಾದರೂ ಬೇಕು. ಆಮೇಲೆ ಅದನ್ನು ಪಕ್ಕಕ್ಕೆ ತೆಗೆದು, ಅದೇ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಅರ್ಧ ಕಿಲೋ ಮಟನ್ ಕೈಮಾ ಹಾಕುತ್ತೇನೆ, ಅದೂ ಎರಡು ಸಲವಾಗಿ, ಯಾಕೆಂದರೆ ಒಟ್ಟಿಗೆ ಹಾಕಿದರೆ ನೀರು ಬಿಟ್ಟು ಕೈಮಾ ಬೇಯುತ್ತದೆಯೇ ಹೊರತು ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಆ ಕಂದು ಬಣ್ಣದಲ್ಲೇ ರುಚಿ ಇರುವುದು. ಸುಮ್ನೆ ಕೆದಕುತ್ತಾ ಇರಬೇಡಿ, ಒಂದೆರಡು ನಿಮಿಷ ಮುಟ್ಟದೆ ಬಿಡಿ. ತಳಕ್ಕೆ ಹಿಡಿದದ್ದನ್ನು ಅರ್ಧ ಲೋಟ ವೈನ್ ಹಾಕಿ ಕೆರೆದುಕೊಳ್ಳಬೇಕು. ವೈನ್ ಬೇಡವೆಂದರೆ ಮಟನ್ ಮೂಳೆ ಬೇಯಿಸಿದ ನೀರಾದರೂ ಸಾಕು.

ತರಕಾರಿಯನ್ನು ವಾಪಸ್ ಹಾಕಿ, ಎರಡು ಚಮಚ ಟೊಮೆಟೊ ಪೇಸ್ಟ್ ಸೇರಿಸಿ, ಇಟ್ಟಿಗೆ ಬಣ್ಣಕ್ಕೆ ಬರುವವರೆಗೆ ಹುರಿಯಿರಿ. ಇದನ್ನು ಬಿಟ್ಟರೆ ಹಸಿ ವಾಸನೆ ಉಳಿಯುತ್ತದೆ. ನಾಟಿ ಟೊಮೆಟೊ ಹುಳಿ ಜಾಸ್ತಿ, ಆದ್ದರಿಂದ ಡಬ್ಬಿಯ ಸಿಪ್ಪೆ ಸುಲಿದ ಟೊಮೆಟೊ ಸಿಕ್ಕರೆ ಅದೇ ಒಳ್ಳೆಯದು, ಒಂದು ಡಬ್ಬಿ ಸಾಕು. ಆಮೇಲೆ ಒಂದು ಲೋಟ ಹಾಲು. ಹೌದು, ಹಾಲು! ಹುಳಿಯನ್ನು ತಗ್ಗಿಸುತ್ತದೆ. ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ 1982ರಲ್ಲಿ ನೋಂದಾಯಿಸಿದ ರಗುವಿನಲ್ಲೂ ಹಾಲಿದೆ, ಬೆಳ್ಳುಳ್ಳಿ ಮಾತ್ರ ಇಲ್ಲ. ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಗರಂ ಮಸಾಲೆ ಹಾಕಬೇಕು ಅಂತ ಕೈ ತುರಿಸುತ್ತದೆ ಅಲ್ವಾ, ತಡೆದುಕೊಳ್ಳಿ; ಹಾಕಿದರೆ ಅದು ಒಳ್ಳೆಯ ಕೈಮಾ ಪಲ್ಯ ಆಗುತ್ತದೆ, ರಗು ಆಗುವುದಿಲ್ಲ. ಪಾರ್ಮಸಾನ್‌ನ ಗಟ್ಟಿ ಸಿಪ್ಪೆ ಇದ್ದರೆ ಎಸೆಯದೆ ಇದರಲ್ಲೇ ಮುಳುಗಿಸಿ, ಕೊನೆಗೆ ತೆಗೆಯಿರಿ. ಎರಡು ಗಂಟೆ ಸಣ್ಣ ಉರಿ. ಕುಕ್ಕರ್‌ನಲ್ಲಿ ಮಾಂಸ ಬೇಯುತ್ತದೆ, ಸಾಸ್ ಮಾತ್ರ ಇಂಗುವುದಿಲ್ಲ.

ಸಸ್ಯಾಹಾರಿಗಳಿಗೆ ಮಾಡುವಾಗ ಅಣಬೆಯನ್ನು ಕೈಮಾದಷ್ಟೇ ಸಣ್ಣಗೆ ಕೊಚ್ಚಿ, ನೀರೆಲ್ಲ ಆರಿ ಅಂಚು ಕೆಂಪಾಗುವವರೆಗೆ ಹುರಿಯುತ್ತೇನೆ. ಒಂದು ಮಾತು: ಇಟಲಿಯ ಅಸಲಿ ಪಾರ್ಮಸಾನ್‌ಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ಬರುವ ರೆನೆಟ್ ಅನ್ನುವ ಕಿಣ್ವ. ಕಟ್ಟುನಿಟ್ಟಿನವರಿಗೆ ಬಡಿಸುವುದಾದರೆ ಹಸಿರು ಚುಕ್ಕಿ ಇರುವ ಚೀಸ್ ತನ್ನಿ.

ಬೆಶಮೆಲ್‌ಗೆ 50 ಗ್ರಾಂ ಬೆಣ್ಣೆ, 50 ಗ್ರಾಂ ಮೈದಾ, ಮುಕ್ಕಾಲು ಲೀಟರ್ ಹಾಲು. ಜಾಯಿಕಾಯಿ ತುರಿದು ಹಾಕಿ, ಉಪ್ಪು ನೋಡಿಯೇ ಇಳಿಸಿ. ಲಸಾನಿಯಾ ಸಪ್ಪೆಯಾಗಲು ಎಷ್ಟೋ ಸಲ ಇದೇ ಕಾರಣ, ಬಿಳಿ ಸಾಸ್‌ಗೆ ಉಪ್ಪು ಸಾಲದೇ ಇರುವುದು. ಬೇಯಿಸದೆ ಹಾಕುವ ಒಣ ಪಾಸ್ತಾ ಹಾಳೆಗಳಾದರೆ ಸಾಸ್ ತುಸು ತೆಳ್ಳಗಿರಲಿ, ಹಾಳೆ ಅದನ್ನೇ ಹೀರಿಕೊಂಡು ಬೇಯಬೇಕು.

ಜೋಡಿಸುವುದು ಸುಲಭ. ಪದರ ತೆಳ್ಳಗಿರಲಿ, ಐದಾದರೂ ಇರಲಿ, ಪ್ರತಿಯೊಂದರ ಮೇಲೂ ಪಾರ್ಮಸಾನ್ ಬೀಳಲಿ. 180 ಡಿಗ್ರಿಯ ಓವನ್‌ನಲ್ಲಿ ಮೊದಲು ಅರ್ಧ ಗಂಟೆ ಫಾಯಿಲ್ ಮುಚ್ಚಿ ಬೇಯಿಸಿ, ಆಮೇಲೆ ಫಾಯಿಲ್ ತೆಗೆದು ಮೇಲ್ಭಾಗ ಕೆಂಪಾಗುವವರೆಗೆ. ಓಟಿಜಿ ಚಿಕ್ಕದಾಗಿದ್ದರೆ ಮೇಲಿನ ಕಾಯಿಲ್ ಬೇಗ ಸೀಯಿಸುತ್ತದೆ, ಟ್ರೇ ಕೆಳಗಿನ ಹಂತದಲ್ಲಿಡಿ. ಹೊರತೆಗೆದ ಮೇಲೆ ಇಪ್ಪತ್ತು ನಿಮಿಷ ಮುಟ್ಟಬೇಡಿ, ಬಿಸಿಬಿಸಿ ಕತ್ತರಿಸಿದರೆ ಸಾಸ್ ಹರಿದು ತಟ್ಟೆಗೆ ಇಳಿಯುತ್ತದೆ. ಉಳಿದದ್ದನ್ನು ಮಾರನೆಯ ದಿನ ಬೆಣ್ಣೆ ಸವರಿದ ಕಾವಲಿಯ ಮೇಲೆ ಎರಡೂ ಕಡೆ ಗರಿಗರಿಯಾಗಿ ಬಿಸಿ ಮಾಡಿಕೊಳ್ಳಿ. ನನಗಂತೂ ಮೊದಲ ದಿನದ್ದಕ್ಕಿಂತ ಅದೇ ಇಷ್ಟ.