ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್: ಎಲೆಕ್ಟ್ರಿಷಿಯನ್ ಕರೆಯುವ ಮುಂಚೆ, ಕರೆದ ಮೇಲೆ

ನಮ್ಮದು ಸಾಗರ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಒಗೆದ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ಹಳೇ ಮನೆಯ ಬಚ್ಚಲಲ್ಲಿ ತೇವದ ತೊಂದರೆ ಇರಲಿಲ್ಲ. ಹಂಡೆ ಕೆಳಗೆ ಒಲೆ ಉರಿಯುತ್ತಿತ್ತು, ಹೆಂಚಿನ ಸಂದಿಯಿಂದ ಹೊಗೆಯ ಜೊತೆ ಹಬೆಯೂ ಹೋಗುತ್ತಿತ್ತು, ಗೋಡೆ ಸದಾ ಬೆಚ್ಚಗಿರುತ್ತಿತ್ತು. ಹೊಸ ಮನೆಗೆ ಆರ್‌ಸಿಸಿ ಹಾಕಿಸಿ, ಗೀಸರ್ ಇಟ್ಟು, ಒಂದು ಸಣ್ಣ ವೆಂಟಿಲೇಟರ್ ಬಿಟ್ಟೆವು. ಎರಡೇ ಮಳೆಗಾಲಕ್ಕೆ ಮೇಲಿನ ಮೂಲೆಯಲ್ಲೆಲ್ಲ ಕಪ್ಪು ಬೂಷ್ಟು. ಅತ್ತೆಗೆ ಮೊದಲೇ ಉಬ್ಬಸ. ಸ್ನಾನ ಮಾಡಿ ಹೊರಗೆ ಬಂದರೆ ಕೆಮ್ಮು ನಿಲ್ಲುತ್ತಿರಲಿಲ್ಲ. ಅದಕ್ಕೇ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಮೊದಲ ಸಲ ಕೆಲಸ ಕೆಟ್ಟಿತು, ಎರಡನೇ ಸಲ ಸರಿಯಾಯಿತು.

ಮೊದಲು ಬಂದವರು ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ವೆಂಟಿಲೇಟರ್‌ನ ಮೂರು ಗಾಜು ತೆಗೆದು, ಪ್ಲೈವುಡ್ ತುಂಡಿಗೆ ದುಂಡಗೆ ತೂತು ಕೊರೆದು ಫ್ಯಾನ್ ಕೂರಿಸಿದರು. ಗೀಸರ್ ಲೈನಿನಿಂದಲೇ ವೈರ್ ಎಳೆದು ಟೇಪ್ ಸುತ್ತಿದರು. ಫ್ಯಾನ್ ತಿರುಗಿತು, ನಾನು ದುಡ್ಡು ಕೊಟ್ಟೆ. ಮುಂದಿನ ಮಳೆಗಾಲಕ್ಕೆ ಪ್ಲೈವುಡ್ ಉಬ್ಬಿ, ಸ್ಕ್ರೂ ಸಡಿಲವಾಗಿ, ಫ್ಯಾನ್ ಗಡಗಡ ಅನ್ನತೊಡಗಿತು. ಒಂದು ದಿನ ಸ್ವಿಚ್ ಆಫ್ ಮಾಡಿಯೇ ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದೆ. ಮೊಣಕೈವರೆಗೂ ಜುಮ್ ಅಂತ ಹೊಡೆಯಿತು.

ಎರಡನೇ ಎಲೆಕ್ಟ್ರಿಷಿಯನ್ ಬಂದಾಗ ಅದನ್ನೇ ಹೇಳಿದೆ. ಅವರು ಸ್ವಿಚ್ ಆಫ್ ಇಟ್ಟೇ ಸ್ಟೂಲ್ ಹತ್ತಿದರು. ಫ್ಯಾನಿನ ವೈರ್ ಜಾಯಿಂಟಿಗೆ ಟೆಸ್ಟರ್ ತಾಗಿಸಿದರು. ಟೆಸ್ಟರಿನ ಕೆಂಪು ದೀಪ ಹತ್ತಿಕೊಂಡಿತು. "ನೋಡಿ ಅಕ್ಕಾ, ಸ್ವಿಚ್ಚನ್ನ ಫೇಸ್‌ಗೆ ಹಾಕೋದು ಬಿಟ್ಟು ನ್ಯೂಟ್ರಲ್‌ಗೆ ಹಾಕಿದಾರೆ. ನೀವು ಆಫ್ ಮಾಡಿದ್ರೂ ಫೇಸ್ ಇಲ್ಲಿತನಕ ಬಂದು ಕೂತಿರುತ್ತೆ," ಅಂದರು. ಫೇಸ್ ಅಂದರೆ ಕರೆಂಟ್ ತರುವ ವೈರ್, ನ್ಯೂಟ್ರಲ್ ಅಂದರೆ ಅದನ್ನು ವಾಪಸ್ ಒಯ್ಯುವ ವೈರ್. ಫ್ಯಾನ್ ನಿಂತಿದೆ ಎಂದರೆ ಕರೆಂಟ್ ಇಲ್ಲ ಎಂದೇ ನಾನು ಅಂದುಕೊಂಡಿದ್ದೆ. ನೀರಿರುವ ಜಾಗದಲ್ಲಿ ಇಂಥ ತಪ್ಪು ಜೀವಕ್ಕೇ ಕುತ್ತು. ಅದಕ್ಕೇ ಈಗ ಯಾರೇ ಕೆಲಸ ಮಾಡಲಿ, ಹೋಗುವ ಮುಂಚೆ ಸ್ವಿಚ್ ಆಫ್ ಮಾಡಿ ಫ್ಯಾನಿನ ಹತ್ತಿರ ಟೆಸ್ಟರ್ ಇಟ್ಟು ತೋರಿಸಿ ಎನ್ನುತ್ತೇನೆ. ದೀಪ ಹತ್ತಬಾರದು. ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಯಾರನ್ನು ಕರೆಯಬೇಕು? ಪ್ಲಂಬಿಂಗ್‌ಗೆ ಬಂದವರು "ಅದನ್ನೂ ನಾನೇ ಹಾಕ್ತೀನಿ" ಅಂದರೆ ಬೇಡ ಎನ್ನಿ. ನಮ್ಮ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ವೈರ್‌ಮನ್ ಪರ್ಮಿಟ್ ಕೊಡುತ್ತದೆ. ಅದು ಇದೆಯಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನಾನು ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವಿಚಾರಿಸಿದೆ. ಯಾರು ಒಳ್ಳೇ ವೈರ್ ಕೇಳಿ ಒಯ್ಯುತ್ತಾರೆ, ಯಾರು ಅಗ್ಗದ್ದು ಹುಡುಕುತ್ತಾರೆ ಎಂದು ಅಂಗಡಿಯವರಿಗೆ ಗೊತ್ತಿರುತ್ತೆ, ಅಲ್ವಾ?

ಫೋನಿನಲ್ಲಿ ಸುಮ್ನೆ "ಫ್ಯಾನ್ ಹಾಕಬೇಕು" ಅಂದರೆ ಸಾಲದು. ಬಚ್ಚಲಿನ ಅಳತೆ, ವೆಂಟಿಲೇಟರ್ ಇದೆಯೋ ಇಲ್ಲ ಗೋಡೆ ಕೊರೆಯಬೇಕೋ, ಸ್ವಿಚ್ ಬೋರ್ಡ್ ಎಷ್ಟು ದೂರ, ಇಷ್ಟನ್ನು ಹೇಳಿ. ಒಂದೆರಡು ಫೋಟೋ ವಾಟ್ಸಾಪ್ ಮಾಡಿದರೆ ಇನ್ನೂ ಒಳ್ಳೇದು. ಕೂಲಿ ಎಷ್ಟು, ಸಾಮಾನು ಯಾರು ತರುವುದು, ಗೋಡೆ ಕೊರೆದ ಮೇಲೆ ಸಿಮೆಂಟ್ ಮೆತ್ತುವುದು ಯಾರು, ಎಲ್ಲವನ್ನೂ ಆಗಲೇ ಮಾತಾಡಿಕೊಳ್ಳಿ. ಸಿಮೆಂಟಿನ ಕೆಲಸ ಬಹಳ ಸಲ ಯಾರದ್ದೂ ಅಲ್ಲದೆ ಉಳಿದುಬಿಡುತ್ತೆ.

ಫ್ಯಾನ್ ಸೈಜಿನ ಲೆಕ್ಕ ಕಷ್ಟವಲ್ಲ. ನಮ್ಮ ಬಚ್ಚಲು 8 ಅಡಿ ಉದ್ದ, 5 ಅಡಿ ಅಗಲ, 9 ಅಡಿ ಎತ್ತರ. ಗುಣಿಸಿದರೆ 360 ಘನ ಅಡಿ, ಅಂದರೆ ಸುಮಾರು 10 ಘನ ಮೀಟರ್. ಗಂಟೆಗೆ 10 ಸಲ ಗಾಳಿ ಬದಲಾಗಬೇಕು ಅಂತಿಟ್ಟುಕೊಂಡರೆ ಗಂಟೆಗೆ 100 ಘನ ಮೀಟರ್ ಹೊರಗೆ ಹೋಗಬೇಕು. ಫ್ಯಾನಿನ ಬಾಕ್ಸ್ ಮೇಲೆ ಇದನ್ನು ಸಿಎಂಎಚ್ ಎಂದು ಬರೆದಿರುತ್ತಾರೆ. ಇಷ್ಟು ಬಚ್ಚಲಿಗೆ 6 ಇಂಚಿನ ಫ್ಯಾನ್ ಸಾಕು. "ದೊಡ್ಡದೇ ಹಾಕಿಬಿಡಿ" ಅಂತ 12 ಇಂಚಿನದು ತಂದರೆ ಸದ್ದು ಜಾಸ್ತಿ, ತೂತೂ ದೊಡ್ಡದು. ಇನ್ನೊಂದು ವಿಷಯ, 6 ಇಂಚು ಅನ್ನುವುದು ರೆಕ್ಕೆಯ ಅಳತೆ. ಗೋಡೆಯ ತೂತು ಅದಕ್ಕಿಂತ ದೊಡ್ಡದಿರಬೇಕು. ಬಾಕ್ಸ್ ಒಳಗಿನ ಕಾಗದದಲ್ಲಿ ಸರಿಯಾದ ಅಳತೆ ಇರುತ್ತೆ. ಫ್ಯಾನ್ ಕೈಗೆ ಬಂದ ಮೇಲೆಯೇ ಗೋಡೆ ಕೊರೆಸಿ.

ಜಾಗ ಆರಿಸುವಾಗ ಮಲೆನಾಡಿನವರು ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ನೋಡಬೇಕು. ನಮ್ಮಲ್ಲಿ ಇರಿಚಲು ಪಶ್ಚಿಮದಿಂದ ಬರುತ್ತೆ. ಆ ಗೋಡೆಗೆ ಫ್ಯಾನ್ ಹಾಕಿದರೆ ನೀರು ಒಳಗೇ. ಬೇರೆ ಗೋಡೆ ಇಲ್ಲದಿದ್ದರೆ ಹೊರಗಡೆ ಮೇಲ್ಮುಚ್ಚಳ ಹಾಕಿಸಿ. ಫ್ಯಾನ್ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ಪಟ್ಟಿಗಳಿರುವ ಫ್ಯಾನ್ ಆದರೆ ಹಲ್ಲಿ, ಜಿರಲೆಯ ಕಾಟವೂ ಕಡಿಮೆ. ವೆಂಟಿಲೇಟರ್‌ಗೆ ಕೂರಿಸುವುದಾದರೆ ಪ್ಲೈವುಡ್ ಬೇಡ, ದಪ್ಪ ಅಕ್ರಿಲಿಕ್ ಅಥವಾ ಅಲ್ಯೂಮಿನಿಯಂ ಶೀಟ್ ಹಾಕಿಸಿ. ಅದಕ್ಕೆ ತೇವ ತಾಗಿದರೆ ಉಬ್ಬುವುದಿಲ್ಲ.

ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರಲೂ ದಾರಿ ಬೇಕು. ಇದನ್ನು ನಾನು ಒಂದು ಟಿಶ್ಯೂ ಕಾಗದದಿಂದ ಕಲಿತೆ. ಫ್ಯಾನ್ ಹಾಕಿ, ಬಾಗಿಲು ತೆರೆದಿಟ್ಟು, ಕಾಗದದ ತುಂಡನ್ನು ಜಾಲರಿಗೆ ಹಿಡಿದೆವು. ಪಟ್ಟನೆ ಅಂಟಿಕೊಂಡಿತು. ಬಾಗಿಲು ಮುಚ್ಚಿದೆವು. ಕಾಗದ ಸ್ವಲ್ಪ ಹೊತ್ತು ನಡುಗಿ, ಜಾರಿ ಬಕೆಟ್ಟಿಗೆ ಬಿತ್ತು. ನಮ್ಮ ಬಾಗಿಲು ನೆಲಕ್ಕೆ ಅಷ್ಟು ಬಿಗಿಯಾಗಿತ್ತು. ಬಡಗಿಯನ್ನು ಕರೆಸಿ ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಕೊಯ್ಯಿಸಿದ ಮೇಲೆ ಬಾಗಿಲು ಮುಚ್ಚಿದರೂ ಕಾಗದ ನಿಂತಿತು. ನಿಮ್ಮ ಫ್ಯಾನ್ ತಿರುಗಿದರೂ ಹಬೆ ಹೋಗುತ್ತಿಲ್ಲವಾದರೆ ಹೊಸ ಫ್ಯಾನ್ ತರುವ ಮುಂಚೆ ಇದನ್ನು ಮಾಡಿ ನೋಡಿ. ಕಾಗದ ಅಂಟದೆ ದೂರಕ್ಕೆ ಹಾರಿದರೆ ಫ್ಯಾನ್ ಉಲ್ಟಾ ಕೂತಿದೆ, ಹೊರಗಿನ ಗಾಳಿ ಒಳಗೆ ತಳ್ಳುತ್ತಿದೆ ಎಂದರ್ಥ.

ಗ್ಯಾಸ್ ಗೀಸರ್ ಇರುವವರಿಗೆ ಒಂದು ಮಾತು. ಅದು ಬಚ್ಚಲ ಒಳಗೇ ಇದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಧೈರ್ಯವಾಗಿರಬೇಡಿ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗೀಸರಿಗೆ ಹೊಗೆ ಕೊಳವೆ ಇದ್ದು, ಬಚ್ಚಲಿಗೆ ಗಾಳಿ ಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಆ ಹೊಗೆಯನ್ನೇ ವಾಪಸ್ ಒಳಗೆ ಎಳೆಯಬಹುದು. ಗೀಸರ್ ಅನ್ನು ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ.

ಕೆಲಸದ ದಿನ ಮನೆಯಲ್ಲಿ ಯಾರಾದರೂ ಹತ್ತಿರ ನಿಂತಿರಿ. ಮೇನ್ ಅಥವಾ ಆ ಲೈನಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಲೈನಿಗಿರುವ ಸ್ವಿಚ್) ಇಳಿಸಿಯೇ ಶುರು ಮಾಡಬೇಕು. ವೈರ್ ತಾಮ್ರದ್ದು, ಐಎಸ್‌ಐ ಗುರುತಿನದು ಇರಲಿ. ನಮ್ಮಲ್ಲಿ 1.5 ಚದರ ಮಿಲಿಮೀಟರ್‌ನದು ಹಾಕಿದರು. ಸ್ವಿಚ್ ಬಚ್ಚಲಿನ ಹೊರಗೆ, ಒದ್ದೆ ಕೈ ತಾಗದ ಕಡೆ ಇರಲಿ. ಲೋಹದ ಮೈಯ ಫ್ಯಾನಿಗೆ ಹಸಿರು ಅರ್ತ್ ವೈರ್ ಬೇಕೇ ಬೇಕು. ಬರೀ ಟೇಪ್ ಸುತ್ತಿದ ಜಾಯಿಂಟ್ ಒಪ್ಪಬೇಡಿ, ಕನೆಕ್ಟರ್ ಹಾಕಿ ಮುಚ್ಚಳವಿರುವ ಡಬ್ಬಿಯೊಳಗೆ ಇಡಿಸಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಇದೇ ನೆಪದಲ್ಲಿ ಹಾಕಿಸಿಕೊಳ್ಳಿ. ಕರೆಂಟ್ ಸೋರಿದರೆ ಅದು ತಕ್ಷಣ ಲೈನ್ ಕಡಿಯುತ್ತದೆ. ನನಗೆ ಶಾಕ್ ಹೊಡೆದ ದಿನ ನಮ್ಮ ಮನೆಯಲ್ಲಿ ಅದು ಇರಲಿಲ್ಲ.

ರಿಪೇರಿಗೆ ಕರೆಯುವುದಾದರೆ ರೋಗ ಏನೆಂದು ಸ್ವಲ್ಪ ಗುರುತಿಸಿಕೊಂಡು ಹೇಳಿ. ಗುಂಯ್ ಅನ್ನುತ್ತೆ ಆದರೆ ತಿರುಗಲ್ಲ ಅಂದರೆ ಹೆಚ್ಚಾಗಿ ಮೋಟಾರನ್ನು ಶುರು ಮಾಡಿಸುವ ಕೆಪಾಸಿಟರ್ ಹೋಗಿರುತ್ತೆ ಅಥವಾ ಮೋಟಾರಿನ ಕಂಬಿ ತಿರುಗುವ ಬಳೆ, ಅಂದರೆ ಬುಷ್, ಹಿಡಿದಿರುತ್ತೆ. ಕೆಲವು ಚಿಕ್ಕ ಫ್ಯಾನುಗಳಲ್ಲಿ ಕೆಪಾಸಿಟರೇ ಇರುವುದಿಲ್ಲ. ಸದ್ದೇ ಇಲ್ಲ ಅಂದರೆ ಸ್ವಿಚ್, ವೈರ್ ಅಥವಾ ಮೋಟಾರಿನ ಕಾಯಿಲ್ ಹೋಗಿರುತ್ತೆ. ಸುಟ್ಟ ವಾಸನೆ ಬಂದಿದ್ದರೆ ಮತ್ತೆ ಹಾಕಿ ನೋಡಲು ಹೋಗಬೇಡಿ. ಗಡಗಡ ಸದ್ದಿಗೆ ಬಹಳ ಸಲ ರೆಕ್ಕೆಗೆ ಮೆತ್ತಿದ ಧೂಳೇ ಕಾರಣ. ನಮ್ಮದರಲ್ಲಿ ಒಮ್ಮೆ ಹೊರಗಿನ ಪಟ್ಟಿಗೆ ಕಡಜ ಮಣ್ಣಿನ ಗೂಡು ಕಟ್ಟಿ, ಪಟ್ಟಿ ತೆರೆಯದಂತಾಗಿತ್ತು. ಕೆಪಾಸಿಟರ್, ಬುಷ್ ಆದರೆ ರಿಪೇರಿ ಮಾಡಿಸಿ. ಸಣ್ಣ ಪ್ಲಾಸ್ಟಿಕ್ ಫ್ಯಾನಿನ ಕಾಯಿಲ್ ಸುಟ್ಟಿದ್ದರೆ ಹೊಸದು ತರುವುದೇ ವಾಸಿ ಎಂದು ನನ್ನ ಅಭಿಪ್ರಾಯ. ಬದಲಿಸಿದ ಹಳೇ ಭಾಗವನ್ನು ಕೇಳಿ ಇಸಿದುಕೊಳ್ಳಿ.

ಕೂಲಿ ಪೂರ್ತಿ ಕೊಡುವ ಮುಂಚೆ ಫ್ಯಾನ್ 20 ನಿಮಿಷ ಓಡಲಿ. ಟಿಶ್ಯೂ ಹಿಡಿದು ನೋಡಿ, ಟೆಸ್ಟರ್ ಇಟ್ಟು ತೋರಿಸಲು ಹೇಳಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಲೈನ್ ಕಡಿಯುತ್ತಾ ನೋಡಿ. ಅಂಗಡಿ ಬಿಲ್ಲು, ವಾರಂಟಿ ಕಾರ್ಡು, ತೆರೆದ ವೈರಿಂಗಿನ ಒಂದು ಫೋಟೋ ಇಟ್ಟುಕೊಳ್ಳಿ. ನಾನು ಆ ಫೋಟೋವನ್ನು ಪ್ರಿಂಟ್ ಹಾಕಿಸಿ ಮೇನ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಸ್ನಾನ ಆದ ಮೇಲೂ ಕಾಲು ಗಂಟೆ ಫ್ಯಾನ್ ಓಡಿಸುತ್ತೇವೆ. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಎಂಸಿಬಿ ಇಳಿಸಿ ಜಾಲರಿ, ರೆಕ್ಕೆ ಒರೆಸುತ್ತೇನೆ.