ಹಳೇ ಕಾರಿಗೆ ಒಣಬಟ್ಟೆ ಮುಟ್ಟಿಸಬೇಡಿ

ಬೆಳಗಾದರೆ ಸಾಕು, ನಮ್ಮ ಬೀದಿಯ ಹುಡುಗರು ಒಣಬಟ್ಟೆ ಹಿಡಿದು ಬಾನೆಟ್ ಉಜ್ಜೋಕೆ ನಿಲ್ಲುತ್ತಾರೆ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಅದು ಬರೀ ಧೂಳಲ್ಲಪ್ಪ, ಸಣ್ಣ ಮರಳು! ಫ್ಯಾಕ್ಟರಿ ಬಣ್ಣ ಅಂದರೆ ಅಡಿಗೆ ಬಳಿಯೋ ಪ್ರೈಮರೂ ಸೇರಿ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪ, ಅಷ್ಟೇ. ದಿನಾ ಕೆರೆದರೆ ಉಳಿಯೋದೇನು? ಮೊದಲು ಧಾರಾಳವಾಗಿ ನೀರು ಸುರಿದು ಧೂಳು ಇಳಿಸಿ, ಆಮೇಲೆ ಬಟ್ಟೆ. ಪಾತ್ರೆ ತೊಳೆಯೋ ಸೋಪು ಬೇಡ, ಬಣ್ಣ ಕಾಯೋಕೆ ಹಚ್ಚಿದ ವ್ಯಾಕ್ಸನ್ನೂ, ಅಂದರೆ ಮೇಣವನ್ನೂ, ಎಳೆದುಕೊಂಡು ಹೋಗುತ್ತೆ. ಬೋರ್ ನೀರಾದರೆ ಕೂಡಲೇ ಒರೆಸಿ, ಬಿಳಿ ಕಲೆ ಕೂತರೆ ಸುಲಭಕ್ಕೆ ಏಳಲ್ಲ.

ನಮ್ಮನೆಯದು 1996ರ ಕೆಂಪು ಮಾರುತಿ 800. ನಮ್ಮನೆಯವರು ಹಳೇ ಬಿಳಿ ಬನಿಯನ್ನಿಗೆ ಚೂರು ಪಾಲಿಶ್ ಹಚ್ಚಿ ಬಾಗಿಲ ಮೂಲೆಯಲ್ಲಿ ಉಜ್ಜಿ ತೋರಿಸಿದ್ದರು. ಬಟ್ಟೆ ಕೆಂಪಾಯಿತು. ಅಂದರೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಬಣ್ಣವಿಲ್ಲದ ಪಾರದರ್ಶಕ ಪದರ ಇಲ್ಲ, ಕೈಗೆ ಹತ್ತೋದು ಬಣ್ಣವೇ. ಅಂಥ ಕಾರು ಬಿಸಿಲಿಗೆ ಸುಣ್ಣ ಬಳಿದ ಹಾಗೆ ಮಂಕಾದರೆ ಹಗುರ ಕೈಯಲ್ಲಿ ಪಾಲಿಶ್ ಮಾಡಿ, ಹೊಳಪು ಬರುತ್ತೆ. ಕ್ಲಿಯರ್ ಕೋಟ್ ಇದ್ದು ಅದು ಪೊರೆ ಬಿಟ್ಟ ಹಾಗೆ ಏಳುತ್ತಿದ್ದರೆ ಮಾತ್ರ ಯಾವ ಪಾಲಿಶೂ ಸರಿಮಾಡಲ್ಲ.

ಪಾಲಿಶಿಗೆ ಮೊದಲು ಒಂದು ಕೆಲಸ ತಪ್ಪಿಸಬೇಡಿ. ಕಾರು ತೊಳೆದು, ಇನ್ನೂ ಒದ್ದೆಯಿರುವಾಗ, ಸೊಪ್ಪು ತರುವ ತೆಳ್ಳನೆ ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಬೆರಳ ತುದಿ ಸವರಿ. ಬರಿಗೈಗೆ ನುಣ್ಣಗಿದ್ದ ಜಾಗವೇ ಈಗ ಚಿರೋಟಿ ರವೆ ಚೆಲ್ಲಿದಂತೆ ತರಿತರಿಯಾಗಿ ಸಿಗುತ್ತೆ. ಕಣ್ಣಿಗೆ ಕಾಣದೆ ಕಚ್ಚಿಕೊಂಡ ಕೊಳೆ ಅದು. ಅದಕ್ಕೆ ಕ್ಲೇ ಬಾರ್ ಬೇಕು, ಕೊಳೆಯನ್ನು ಅಂಟಿಸಿಕೊಂಡು ಎತ್ತೋ ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ. ನಿಂಬೆಗಾತ್ರ ಮುರಿದು, ಚಪಾತಿ ಹಿಟ್ಟಿನ ಹಾಗೆ ನಾದಿ ತಟ್ಟಿ, ಶಾಂಪೂ ನೀರು ಚಿಮುಕಿಸಿ, ಒತ್ತದೆ ನೇರವಾಗಿ ಹಿಂದೆಮುಂದೆ ಜಾರಿಸಿ. ಸುತ್ತಬೇಡಿ. ಮೊದಮೊದಲು ಕರಕರ ಅನ್ನುತ್ತೆ, ಆ ಸದ್ದು ನಿಂತರೆ ಆಯಿತು. ಕಪ್ಪಾದ ಮುಖ ಒಳಗೆ ಮಡಚಿ, ಮತ್ತೆ ನಾದಿ. ನೆಲಕ್ಕೆ ಬಿತ್ತೋ, ದುಡ್ಡಿನ ಮುಖ ನೋಡದೆ ಬಿಸಾಡಿ, ಮರಳು ಮೆತ್ತಿಕೊಂಡಿರುತ್ತೆ. ಆಮೇಲೆ ಇನ್ನೊಂದು ಸಲ ಕವರ್ ಹಾಕಿ ಸವರಿ ನೋಡಿ. ಬೆರಳು ಎಲ್ಲೂ ತಡೆಯಬಾರದು. ಪಾಲಿಶ್ ಮುಗಿಸಿ ವ್ಯಾಕ್ಸ್ ತೆಳ್ಳಗೆ ಹಚ್ಚಿ, ನೆರಳಲ್ಲೇ.

ಎಲ್ಲದಕ್ಕೂ ತಿಕ್ಕೋದೊಂದೇ ಗೊತ್ತು ಈಗಿನವರಿಗೆ. ನನ್ನ ಸೊಸೆ ಬೆಳ್ಳಿ ದೀಪಕ್ಕೂ ಸ್ಟೀಲ್ ಸ್ಕ್ರಬ್ಬರ್ ಹಾಕಿದ್ದಳು. ವಿಭೂತಿ, ಮೆತ್ತನೆ ಬಟ್ಟೆ ಸಾಲದೇನಮ್ಮ?

ಹಕ್ಕಿ ಹಿಕ್ಕೆ ಬಿದ್ದರೆ ಕೆರೆಯಬೇಡಿ. ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಿ, ನೆನೆದ ಮೇಲೆ ಹಾಗೇ ಎತ್ತಿ. ಆಯುಧಪೂಜೆಯ ಕುಂಕುಮ, ಗಂಧ ಮಾರನೇ ದಿನವೇ ತೊಳೆಯಿರಿ. ವಾರಗಟ್ಟಲೆ ಬಿಟ್ಟರೆ ಕಲೆ ಉಳಿಯುತ್ತೆ. ಒಂದು ವರ್ಷ ಮೊಮ್ಮಗ ಬಾಳೆಕಂದನ್ನು ಟೇಪ್ ಹಾಕಿ ಅಂಟಿಸಿದ್ದ. ಕಿತ್ತಾಗ ಹೆಬ್ಬೆರಳ ಉಗುರಿನಷ್ಟು ಬಣ್ಣ ಟೇಪಿನ ಜೊತೆಗೇ ಬಂತು, ಒಳಗಿನ ಬೂದು ಪ್ರೈಮರ್ ಕಾಣಿಸಿತು. ಅವತ್ತು ನನಗೆ ಊಟ ಸೇರಲಿಲ್ಲ. ಈಗ ಕಂದನ್ನು ಬಂಪರಿಗೆ ದಾರದಲ್ಲಿ ಕಟ್ಟುತ್ತೇವೆ.