ಮೂರು ವಾರ ಆಕ್ಸಿಲರೇಟರ್ ಮುಟ್ಟಲಿಲ್ಲ

ನನಗೆ ಲೈಸೆನ್ಸ್ ಸಿಕ್ಕಿದ್ದು 2004ರಲ್ಲಿ, ಹಾಸನದಲ್ಲಿ. ಡ್ರೈವಿಂಗ್ ಸ್ಕೂಲಿನ ಮಾರುತಿ 800ನ್ನು ಇಪ್ಪತ್ತು ದಿನ ಓಡಿಸಿದ್ದೆ. ಅಥವಾ ಹಾಗಂತ ಅಂದುಕೊಂಡಿದ್ದೆ. ಆ ಕಾರುಗಳಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತಲ್ವಾ, ಕೆಲಸವೆಲ್ಲ ಅವರ ಕಾಲೇ ಮಾಡುತ್ತಿತ್ತು. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ ಅಷ್ಟೇ. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನೈದು ವರ್ಷ ಆಟೋಮ್ಯಾಟಿಕ್, ಕ್ಲಚ್ಚೇ ಇಲ್ಲದ ಕಾರು. ಎಡಗಾಲಿಗೆ ಪೂರ್ತಿ ರಜೆ.

ಹೀಗಿದ್ದವನು ಫ್ರೀಮಾಂಟ್‌ನಲ್ಲಿ 2001ರ ಮಾಜ್ದಾ ಮಿಯಾಟಾ ಕೊಂಡೆ. ಎರಡೇ ಸೀಟು, ಬಟ್ಟೆಯ ಟಾಪು, 1.8 ಲೀಟರ್ ಎಂಜಿನ್, ಕೈಯಲ್ಲೇ ಬದಲಾಯಿಸುವ ಐದು ಗೇರು. ಹೆಡ್‌ಲೈಟ್ ಮೇಲೆದ್ದು ಕಣ್ಣು ಬಿಡುವ ಮೊದಲ ತಲೆಮಾರಿನದೇ ಬೇಕಿತ್ತು, ಅದರ ಬೆಲೆ ಕೇಳಿ ಸುಮ್ಮನಾದೆ. ಇದು ಸುಮಾರು 1 ಲಕ್ಷ 20 ಸಾವಿರ ಮೈಲಿ ಓಡಿತ್ತು. 5,500 ಡಾಲರ್ ಕೇಳಿದರು, 4,800ಕ್ಕೆ ಮುಗಿಸಿದೆ. ಟ್ಯಾಕ್ಸು, ರಿಜಿಸ್ಟ್ರೇಶನ್ ಅಂತ ಮತ್ತೆ ಐದುನೂರು ಚಿಲ್ಲರೆ.

ಕೊಂಡವನಿಗೆ ಅದನ್ನು ಮನೆಗೆ ತರಲು ಬರುತ್ತಿರಲಿಲ್ಲ! ತಂದುಕೊಟ್ಟವನು ಮಂಗಳೂರಿನ ಗೆಳೆಯ. ದಾರಿಯುದ್ದಕ್ಕೂ ನಕ್ಕ. 'ಮಾರಾಯ, ಕಲಿಯುವುದಕ್ಕೆ ಯಾರಾದರೂ ಸ್ಪೋರ್ಟ್ಸ್ ಕಾರ್ ತಗೊಳ್ತಾರಾ? ಆರು ತಿಂಗಳಲ್ಲಿ ಕ್ಲಚ್ ಪ್ಲೇಟ್ ಬೂದಿ ಆಗ್ತದೆ ನೋಡು' ಅಂದ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲೂ ಇದೇ ಮಾತು. ಯಾವುದಾದರೂ ಹಳೇ ಕರೋಲಾದಲ್ಲಿ ಕಲಿ, ಆಮೇಲೆ ಇದನ್ನು ಮುಟ್ಟು ಅಂತ ಎಲ್ಲರದೂ ಸಲಹೆ. ಹೆಂಡತಿ ಏನೂ ಹೇಳಲಿಲ್ಲ. ಅದು ಇನ್ನೂ ಜಾಸ್ತಿ ಚುಚ್ಚಿತು.

ಮೊದಲು ದುಡ್ಡು ಕೊಟ್ಟೇ ಕಲಿಯಲು ಹೋದೆ. ಎರಡು ಗಂಟೆಗೆ 150 ಡಾಲರ್. ಆತ ಕಲಿಸಿದ್ದು ನಿಮಗೆಲ್ಲ ಗೊತ್ತಿರುವುದೇ: ಕ್ಲಚ್ ಮೇಲಿನ ಎಡಗಾಲು ಮೇಲೆ ಬರಲಿ, ಆಕ್ಸಿಲರೇಟರ್ ಮೇಲಿನ ಬಲಗಾಲು ಕೆಳಗೆ ಹೋಗಲಿ, ಎರಡೂ ಒಟ್ಟಿಗೆ. ನನಗೆ ಎರಡು ಕಾಲಿಗೂ ಒಟ್ಟಿಗೆ ಗಮನ ಕೊಡಲು ಆಗಲೇ ಇಲ್ಲ. ಒಂದೋ ಎಂಜಿನ್ ಕಿರುಚುತ್ತಿತ್ತು, ಇಲ್ಲವೇ ಗಾಡಿ ಕಪ್ಪೆ ಹಾಗೆ ನೆಗೆದು ಆಫ್ ಆಗುತ್ತಿತ್ತು. ಎರಡನೇ ಗಂಟೆಯ ಹೊತ್ತಿಗೆ ಸುಟ್ಟ ವಾಸನೆ. ಆ ದುಡ್ಡು ನೀರಿಗೆ ಹಾಕಿದ ಹಾಗಾಯ್ತು.

ಆ ರಾತ್ರಿ ನಿರ್ಧಾರ ಮಾಡಿದೆ. ಬಲಗಾಲು ಬ್ರೇಕ್ ಬಿಟ್ಟು ಬೇರೇನೂ ಮುಟ್ಟಬಾರದು. ಎಡಗಾಲಿಗೆ ಬುದ್ಧಿ ಬರೋವರೆಗೂ ಆಕ್ಸಿಲರೇಟರ್ ಇಲ್ಲ.

ಮಿಯಾಟಾ ಹಗುರ, ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸಮತಟ್ಟು ಜಾಗದಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟರೆ ಆಕ್ಸಿಲರೇಟರ್ ಒತ್ತದೆ, ಬರೀ ಐಡ್ಲಿಂಗ್‌ನಲ್ಲೇ ತಾನಾಗಿ ಹೊರಡುತ್ತದೆ. ಬೆಳಿಗ್ಗೆ ಆರಕ್ಕೆ ಅಂಗಡಿಗಳ ಖಾಲಿ ಪಾರ್ಕಿಂಗ್‌ಗೆ ಹೋಗುತ್ತಿದ್ದೆ. ಆ ಮೂರೂ ವಾರ ಅಲ್ಲಿಯವರೆಗೂ ಆ ಮಂಗಳೂರಿನವನೇ ಬಿಡುತ್ತಿದ್ದ, ಬೈದುಕೊಂಡೇ. ಹೊರಡು, ನಿಲ್ಲು, ಮತ್ತೆ ಹೊರಡು. ದಿನಕ್ಕೆ ನೂರು ನೂರಿಪ್ಪತ್ತು ಸಲ. ಮೊದಲ ದಿನ ಲೆಕ್ಕ ಇಟ್ಟಿದ್ದೆ, ನಲವತ್ತಕ್ಕೂ ಜಾಸ್ತಿ ಸಲ ಆಫ್ ಆಯ್ತು. ಎರಡನೇ ವಾರದ ಕೊನೆಗೆ ದಿನಕ್ಕೆ ಐದಾರು. ಎಂಜಿನ್ ಜೋರಾಗಿ ತಿರುಗದೆ ಇರುವಾಗ ಕ್ಲಚ್ ಪ್ಲೇಟಿಗೆ ಸವೆತವೂ ಕಡಿಮೆ, ಇದನ್ನು ಯಾರೂ ನಂಬಲಿಲ್ಲ.

ಈ ನಡುವೆ ಒಂದು ಪ್ರಯೋಗ. ಶೂ, ಕಾಲುಚೀಲ, ಬರಿಗಾಲು, ಹವಾಯಿ ಚಪ್ಪಲಿ, ನಾಲ್ಕನ್ನೂ ನೋಡಿದೆ. ಚಪ್ಪಲಿ ಪೆಡಲ್ ಅಡಿಗೆ ಸಿಕ್ಕಿಕೊಂಡಿತು, ಖಾಲಿ ಜಾಗ ಆಗಿದ್ದಕ್ಕೆ ಬದುಕಿದೆ. ತೆಳು ಅಡಿಯ ಕ್ಯಾನ್ವಾಸ್ ಶೂನೇ ಸರಿ. ಇನ್ನೊಂದು ದಿನ ರೇಡಿಯೊ ಜೋರಾಗಿ ಹಾಕಿ ಓಡಿಸಿದೆ. ಹತ್ತಕ್ಕೆ ಆರೇಳು ಸಲ ಆಫ್. ರೇಡಿಯೊ ನಿಲ್ಲಿಸಿ, ಟಾಪ್ ತೆಗೆದರೆ ಹತ್ತಕ್ಕೆ ಒಂದೋ ಎರಡೋ. ಆಗ ಗೊತ್ತಾಯ್ತು, ನಾನು ಕಾಲಿನಿಂದ ಅಲ್ಲ, ಕಿವಿಯಿಂದ ಕಲಿಯುತ್ತಿದ್ದೀನಿ ಅಂತ. ಪೆಡಲ್ ಬಿಡುತ್ತಾ ಕ್ಲಚ್ ಕಚ್ಚಿಕೊಳ್ಳುವ ಹೊತ್ತಿಗೆ ಎಂಜಿನ್ ದನಿ ಒಂಚೂರು ಕೆಳಗಿಳಿಯುತ್ತದೆ. ಅಲ್ಲಿ ಕಾಲು ಒಂದು ಕ್ಷಣ ನಿಲ್ಲಬೇಕು. ಗಾಜು ಮುಚ್ಚಿದ, ಸದ್ದೇ ಕೇಳದ ಕಾರಿನಲ್ಲಿ ಇದು ನನ್ನಂಥವನಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಹೇಳ್ತೀನಿ, ಕಲಿಯೋಕೆ ಇದೇ ಸರಿಯಾದ ಗಾಡಿ.

ನಾಲ್ಕನೇ ವಾರ ಧೈರ್ಯ ಮಾಡಿ ದೊಡ್ಡ ರಸ್ತೆಗೆ, ಮಿಷನ್ ಬುಲೆವಾರ್ಡ್‌ಗೆ ಇಳಿದೆ. ಸಿಗ್ನಲ್‌ನಲ್ಲಿ ಗೇರ್ ಬೀಳಲಿಲ್ಲ. ಕ್ಲಚ್ ಪೆಡಲ್ ಒತ್ತಿದರೆ ನೆಲಕ್ಕೆ ಅಂಟಿಕೊಂಡಿತು, ಮೇಲೆ ಬರಲೇ ಇಲ್ಲ. ಎರಡು ಸಲ ಹಸಿರು ಬಂದು ಹೋಯ್ತು. ಹಿಂದಿನವರ ಹಾರ್ನ್ ಇನ್ನೂ ಕಿವಿಯಲ್ಲಿದೆ. ಮುಗೀತು, ಕ್ಲಚ್ ಸುಟ್ಟೇಬಿಟ್ಟೆ, 1,000 ಡಾಲರ್ ಹೋಯ್ತು, ಮಂಗಳೂರಿನವನು ಗೆದ್ದ ಅಂದುಕೊಂಡೆ.

ಸುಟ್ಟಿರಲಿಲ್ಲ. ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ಒತ್ತಡವನ್ನು ಆಯಿಲ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಭಾಗ, ಸೋರಿ ಆಯಿಲ್ ಖಾಲಿಯಾಗಿತ್ತು. ಈ ಗಾಡಿ ಇಟ್ಟವರಿಗೆಲ್ಲ ಗೊತ್ತಿರುವ ಕಾಯಿಲೆ, ನನಗೊಬ್ಬನಿಗೇ ಗೊತ್ತಿರಲಿಲ್ಲ. ಅಗ್ಗದ್ದು 20 ಡಾಲರಿಗೆ ತಂದು ನಾನೇ ಹಾಕಿದೆ. ಎರಡು ಬೋಲ್ಟ್, ಒಂದು ಪೈಪು, ಗಾಳಿ ತೆಗೆಯೋದು, ಅಷ್ಟೇ ಕೆಲಸ. ಎರಡು ತಿಂಗಳಿಗೆ ಅದೂ ಸೋರಿತು. ಎರಡನೇ ಸಲ ಒಳ್ಳೇದು ಹಾಕಿದೆ, 60 ಚಿಲ್ಲರೆ. ಮೊದಲೇ ಹಾಕಿದ್ದರೆ ಒಂದು ಶನಿವಾರ ಉಳಿಯುತ್ತಿತ್ತು. ಗಾಡಿ ಅಡಿಯಲ್ಲಿ ಮಲಗಿದ್ದಾಗಲೇ ಗೇರ್ ಆಯಿಲ್ ಕೂಡ ಬದಲಾಯಿಸಿದೆ, ದರ್ಜೆ 75ಡಬ್ಲ್ಯೂ90, ಜಿಎಲ್‌-4, ಎರಡು ಲೀಟರ್ ಹಿಡಿಯಿತು. ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಕರಕರ ಅನ್ನುತ್ತಿದ್ದದ್ದು ಮುಕ್ಕಾಲು ಪಾಲು ನಿಂತುಹೋಯ್ತು. ಪೆಡಲ್ ಹಿಂದಿನ ರಾಡನ್ನೂ ಸ್ವಲ್ಪ ತಿರುಗಿಸಿ, ಕ್ಲಚ್ ಕಚ್ಚಿಕೊಳ್ಳುವ ಜಾಗ ನನ್ನ ಕಾಲಿಗೆ ಸರಿಯಾಗಿ ಬರುವ ಹಾಗೆ ಮಾಡಿಕೊಂಡೆ. ಎಷ್ಟು ಸುತ್ತು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಏರು ಕಲಿತದ್ದು ಪಾರ್ಕಿಂಗ್ ಕಟ್ಟಡದ ರ‍್ಯಾಂಪ್‌ನಲ್ಲಿ. ಹ್ಯಾಂಡ್ ಬ್ರೇಕ್ ಎಳೆದು, ಕಿವಿಗೆ ಆ ದನಿ ಸಿಕ್ಕ ಮೇಲೆ ಬಿಡುವುದು. ಒಮ್ಮೆ ಹಿಂದಕ್ಕೆ ಜಾರಿ ಕಂಬಕ್ಕೆ ತಾಗಿಸಿದೆ. ಟೇಲ್ ಲೈಟ್ ಒಡೆಯಿತು, ಗುಜರಿಯಲ್ಲಿ 40 ಡಾಲರಿಗೆ ಸಿಕ್ಕಿತು.

ಹೆಂಡತಿ ಮೊದಲ ಸಲ ಕೂತದ್ದು ನೈಲ್ಸ್ ಕ್ಯಾನ್ಯನ್ ಕಣಿವೆ ದಾಟಿ ಸುನೋಲ್ ಕಡೆ ಒಬ್ಬರ ಮನೆಗೆ ಊಟಕ್ಕೆ ಹೋಗುವಾಗ. ಹುಳಿ ತುಂಬಿದ ಪಾತ್ರೆ ತೊಡೆ ಮೇಲೆ. 'ಇದು ಚೆಲ್ಲಿದರೆ ವಾಪಸ್ಸು ನಾನು ಬೇರೆಯವರ ಕಾರಲ್ಲಿ ಬರ್ತೀನಿ ನೋಡಿ' ಅಂದಳು. ಆ ತಿರುವುಗಳಲ್ಲಿ ಮೂರು, ಎರಡು, ಮತ್ತೆ ಮೂರು. ಒಂದು ಹನಿ ಚೆಲ್ಲಲಿಲ್ಲ. ಸರಿ, ಮುಚ್ಚಳದ ಅಂಚಿಗೆ ಒಂಚೂರು ಬಂದಿತ್ತು.

ಈಗ ಎರಡು ವರ್ಷ, ಹತ್ತಿರ ಹತ್ತಿರ 14 ಸಾವಿರ ಮೈಲಿ. ಕ್ಲಚ್ ಪ್ಲೇಟ್ ನಾನು ಕೊಂಡಾಗ ಇದ್ದದ್ದೇ. ಕಲಿಕೆಗೆ ಅಂತ ಕೈಬಿಟ್ಟ ದುಡ್ಡು ಎಲ್ಲ ಸೇರಿ 350 ದಾಟಿಲ್ಲ, ಅದರಲ್ಲಿ 150 ಆ ಮೊದಲ ಎರಡು ಗಂಟೆಯದು. ಹಾಸನಕ್ಕೆ ಹೋದಾಗ ಭಾವನ ಆಲ್ಟೊ ಓಡಿಸಿದೆ. ಕ್ಲಚ್‌ನಲ್ಲಿ ಒಂದೂ ತಪ್ಪಿಲ್ಲ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಗೇರ್ ಬಲಕ್ಕಿರುವ ಅಭ್ಯಾಸಕ್ಕೆ ಬಲಗೈ ಹೋಗಿ ನಾಲ್ಕೈದು ಸಲ ಬಾಗಿಲಿಗೆ ಬಡಿಯಿತು. 'ಏನೋ ಹುಡುಕ್ತಿದೀಯಾ?' ಅಂದರು ಭಾವ.

ಹೋದ ತಿಂಗಳು ಮಂಗಳೂರಿನವನು ಫೋನ್ ಮಾಡಿದ. ಮಗಳಿಗೆ ಹದಿನಾರಾಯಿತಂತೆ, ಗೇರ್ ಗಾಡಿಯೇ ಕಲಿಯಬೇಕಂತೆ. 'ನಿನ್ನ ಗಾಡಿ ಒಂದೆರಡು ಭಾನುವಾರ ಕೊಡ್ತೀಯಾ ಮಾರಾಯ?' ಬೆಳಿಗ್ಗೆ ಆರಕ್ಕೆ ತೆಳು ಶೂ ಹಾಕಿಸಿ ಕಳಿಸು ಅಂದೆ. ಅವಳು ಮೊದಲ ದಿನ ಆಫ್ ಮಾಡಿದ್ದು ಬರೀ ಹನ್ನೊಂದು ಸಲ. ಇದನ್ನು ನಾನು ಅವರಪ್ಪನಿಗೆ ಇನ್ನೂ ಹೇಳಿಲ್ಲ.